ಹಳೆಯ ಕಾರು ಬಿಚ್ಚಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಅವರ ಕಾಲದಲ್ಲಿ ಮೋಟಾರು ಕಾರು ಇದ್ದಿದ್ದರೆ, ಹಳೆಯ ಕಾರು ಬಿಚ್ಚಿ ನೋಡು ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೆಂಬುದರಲ್ಲಿ ನಮಗೆ ಸಂದೇಹವಿಲ್ಲ. 2024 ಮತ್ತು 2025ರಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದ ಮೇಲೆ ನಮ್ಮ ಸದಸ್ಯರಲ್ಲಿ ಕೆಲವರು ಸಾಲ ತೀರಿಸಿದರು, ಕೆಲವರು ಕಣ ಸಿಮೆಂಟು ಮಾಡಿಸಿದರು, ಇನ್ನು ಕೆಲವರ ಕಣ್ಣು ಕೊಟ್ಟಿಗೆಯ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತ ತಂದೆಯ ಕಾಲದ ಕಾರಿನ ಮೇಲೆ ಬಿತ್ತು. ಗೊಬ್ಬರದ ಚೀಟಿಗೆಂದು ಸಂಘದ ಕಚೇರಿಗೆ ಬಂದವರೂ ಹೊರಡುವ ಮುನ್ನ, "ಮನೆಯಲ್ಲೊಂದು ಹಳೇ ಗಾಡಿ ಇದೆ, ಇಲ್ಲೇ ಸರಿ ಮಾಡ್ಕೋಬಹುದಾ?" ಎಂದು ಕೇಳುವುದುಂಟು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವುದಕ್ಕಿಂತ ಪತ್ರಿಕೆಯಲ್ಲೇ ಬರೆಯುವುದು ಲೇಸೆಂದು ಈ ಲೇಖನ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಮನೆಯಲ್ಲೇ ಸರಿ ಮಾಡಬಹುದು. ಆದರೆ ತೊಂದರೆಯನ್ನು ನಾವು ನಿರೀಕ್ಷಿಸುವ ಜಾಗ ಒಂದು, ಅದು ಬರುವ ಜಾಗ ಇನ್ನೊಂದು. ಆ ತೊಂದರೆಗಳನ್ನು ಬಿಡಿಸುವವರು ಲಂಡನ್ನಿನ ಅಂಗಡಿಯವರಿಗಿಂತ ಹೆಚ್ಚಾಗಿ ನಮ್ಮ ಸಣ್ಣ ಊರುಗಳ ಲೇತಿನವರು, ಕಮಾನು ಪಟ್ಟಿಯವರು, ಹೊಲಿಗೆಯವರು. ಅವರನ್ನು ಉಳಿಸಿಕೊಳ್ಳದೆ ಹೋದರೆ ಹಳೆಯ ಕಾರಷ್ಟೇ ಅಲ್ಲ, ನಮ್ಮ ಪಲ್ಪರು, ಪಂಪು, ಜೀಪುಗಳೂ ಗುಜರಿಗೆ ಹೋಗುತ್ತವೆ. ಸಂಘ ಈ ಬಗ್ಗೆ ಏನು ಮಾಡಬೇಕೆಂಬುದನ್ನು ಕೊನೆಯಲ್ಲಿ ಹೇಳುತ್ತೇವೆ.

ಈ ಮಾತಿಗೆ ಆಧಾರ ಬಯಲುಸೀಮೆಯಲ್ಲಿದೆ. ಬಳ್ಳಾರಿ ನಗರದಲ್ಲಿರುವ ನಮ್ಮ ಷಡ್ಡಕರ ಮನೆಯಲ್ಲಿ ಅವರ ತಂದೆ ಕೊಂಡಿದ್ದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ, ಬಟ್ಟೆಯ ಮುಚ್ಚಿಗೆಯ ಕಾರೊಂದಿದೆ, ಮೊದಲ ಮಾದರಿಯದು. ದಶಕಗಳ ಕಾಲ ನಿಂತೇ ಇದ್ದ ಅದನ್ನು ಷಡ್ಡಕರು ಮನೆಯ ಹಿತ್ತಲಿನ ಶೆಡ್ಡಿನಲ್ಲೇ ಸರಿಪಡಿಸಲು ಹೊರಟರು. ಕೊಯ್ಲು ಮುಗಿದು ಹೂಮಳೆಗೆ ಕಾಯುವ ದಿನಗಳಲ್ಲಿ ನಾವೂ ಹೋಗಿ ಕೈಜೋಡಿಸಿದ್ದೇವೆ. ಆರು ತಿಂಗಳಿನ ಕೆಲಸವೆಂದು ಹಿಡಿದದ್ದು ಮೂರು ಬೇಸಿಗೆ ತೆಗೆದುಕೊಂಡಿತು.

ಸ್ಪಿಟ್‌ಫೈರ್ ನಮ್ಮ ಸದಸ್ಯರಿಗೆ ಅಪರಿಚಿತವಾದರೂ ಅದರ ಅಣ್ಣ ಅಪರಿಚಿತನಲ್ಲ. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ತಯಾರಿಸಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಹಿರಿಯರೆಲ್ಲರಿಗೂ ನೆನಪಿದೆ. ಅದರ ಮೂಲ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ಅದೇ ಹೆರಾಲ್ಡಿನ ಚಾಸಿಯನ್ನು ಮೊಟಕುಗೊಳಿಸಿ, ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪಿಸಿದ ಮೈಕಟ್ಟು ಕೂರಿಸಿ 1962ರ ಅಕ್ಟೋಬರಿನಲ್ಲಿ ಲಂಡನ್ ಮೋಟಾರು ಪ್ರದರ್ಶನದಲ್ಲಿ ಹೊರತಂದ ಕಾರೇ ಸ್ಪಿಟ್‌ಫೈರ್. ತೂಕ ಸುಮಾರು 700 ಕಿಲೋ. ಆದ್ದರಿಂದ ಮುಂದೆ ಹೇಳುವುದರಲ್ಲಿ ಬಹುಪಾಲು ಕೊಟ್ಟಿಗೆಯಲ್ಲಿ ಹೆರಾಲ್ಡ್ ಇಟ್ಟುಕೊಂಡವರಿಗೂ ಸಲ್ಲುತ್ತದೆ.

ಎಲ್ಲರೂ ಮೊದಲು ಹೆದರುವುದು ಎಂಜಿನ್ನಿಗೆ. ನಮ್ಮ ಅನುಭವದಲ್ಲಿ ಅದೇ ಎಲ್ಲಕ್ಕಿಂತ ಸುಲಭದ ಭಾಗ. ನಾಲ್ಕು ಸಿಲಿಂಡರು, 1147 ಸಿ.ಸಿ., ಎರಡು ಎಸ್‌ಯು ಕಾರ್ಬ್ಯುರೇಟರು. 1953ರ ಸ್ಟ್ಯಾಂಡರ್ಡ್ ಎಯ್ಟ್ ಕಾರಿನ 803 ಸಿ.ಸಿ. ಎಂಜಿನ್ನಿನಿಂದ ಬೆಳೆದು ಬಂದ ವಂಶ ಇದು. ಮದರಾಸಿನ ಹೆರಾಲ್ಡಿನ 948 ಸಿ.ಸಿ. ಎಂಜಿನ್ನೂ ಇದೇ ವಂಶದ್ದು. ಮಡ್‌ಗಾರ್ಡುಗಳ ಸಮೇತ ಇಡೀ ಬಾನೆಟ್ಟು ಮುಂದಕ್ಕೆ ಮಗುಚಿಕೊಳ್ಳುವುದರಿಂದ ಎಂಜಿನ್ನು ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತದೆ. ಬೇಕಾದರೆ ಮುಂದಿನ ಟೈರಿನ ಮೇಲೆ ಕುಳಿತೇ ಕೆಲಸ ಮಾಡಬಹುದು. ಅಳತೆಗಳೆಲ್ಲ ಪುಸ್ತಕದಲ್ಲಿವೆ. ಪುಸ್ತಕ ನೋಡಿ ಮಾಡಬಲ್ಲ ಕೆಲಸ ಎಷ್ಟು ದೊಡ್ಡದಾದರೂ ಕಷ್ಟವಲ್ಲ. ಪುಸ್ತಕದಲ್ಲಿ ಇಲ್ಲದ್ದೇ ಕಷ್ಟ.

ಅಂಥ ಕಷ್ಟಗಳಲ್ಲಿ ಮೊದಲನೆಯದು ಸ್ಪ್ಯಾನರು. ಕಾರಿನ ನಟ್ಟು ಬೋಲ್ಟುಗಳೆಲ್ಲ ಇಂಚಿನ ಲೆಕ್ಕದವು. ಇಂದು ಅಂಗಡಿಯಲ್ಲಿ ಸಿಗುವ ಸ್ಪ್ಯಾನರುಗಳೆಲ್ಲ ಮಿಲಿಮೀಟರಿನವು. 7/16 ಇಂಚು ಎಂದರೆ 11.1 ಮಿ.ಮೀ.; 11ರ ಸ್ಪ್ಯಾನರು ಒಳಗೆ ಹೋಗುವುದಿಲ್ಲ. ಅರ್ಧ ಇಂಚು ಎಂದರೆ 12.7 ಮಿ.ಮೀ.; 13ರ ಸ್ಪ್ಯಾನರು ಹಿಡಿದಂತೆ ಕಾಣುತ್ತದೆ, ಆದರೆ ಅರವತ್ತು ವರ್ಷ ಕೂತ ಬೋಲ್ಟಿಗೆ ಬಲ ಹಾಕಿದ ಕೂಡಲೆ ಮೂಲೆಗಳು ಸವೆದು ತಲೆ ಗುಂಡಾಗುತ್ತದೆ. ತಲೆ ಗುಂಡಾದ ಬೋಲ್ಟನ್ನು ಕೊರೆದು ತೆಗೆಯಬೇಕು; ಕೊರೆದ ತೂತಿಗೆ ಹೊಸ ಸುತ್ತು ಹಾಕಬೇಕು. ಹತ್ತು ನಿಮಿಷದ ಕೆಲಸ ಎರಡು ದಿನ ಹಿಡಿಯುವುದು ಹೀಗೆ. ಎಂ.ಜಿ. ಟಿ.ಸಿ.ಯಂಥ ಇನ್ನೂ ಹಳೆಯ ಕಾರು ಇದ್ದವರ ಪಾಡು ಬೇರೆಯೇ: ಅದರ ಎಂಜಿನ್ನಿನ ಬೋಲ್ಟುಗಳ ಸುತ್ತು ಮಿಲಿಮೀಟರಿನದು, ತಲೆ ಮಾತ್ರ ವಿಟ್‌ವರ್ತ್ ಅಳತೆಯದು.

ಬಳ್ಳಾರಿಯ ಕಾರು ಗ್ಯಾರೇಜುಗಳಲ್ಲಿ ವಿಚಾರಿಸಿದಾಗ ಇಂಚಿನ ಸ್ಪ್ಯಾನರಿನ ಪೂರ್ತಿ ಸೆಟ್ಟು ಸಿಗಲಿಲ್ಲ. ಸಿಕ್ಕಿದ್ದು ದೊಡ್ಡಬಸವೇಶ್ವರನ ಗುಡಿಗೆ ಹೆಸರಾದ ಕುರುಗೋಡಿನಲ್ಲಿ, ಟ್ರ್ಯಾಕ್ಟರು ಮೇಸ್ತ್ರಿಯೊಬ್ಬರ ಬಳಿ. ಹಳೆಯ ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರಿನ ನಟ್ಟು ಬೋಲ್ಟುಗಳೂ ಇಂಚಿನವೇ. ಸ್ಪ್ಯಾನರಲ್ಲದೆ ಸುತ್ತು ಹಾಕುವ ಟ್ಯಾಪು, ಡೈಗಳೂ ಅವರಲ್ಲಿದ್ದವು. ಸ್ಪೋರ್ಟ್ಸ್ ಕಾರಿನ ಹತ್ತಿರದ ನೆಂಟ ಗದ್ದೆಯ ಟ್ರ್ಯಾಕ್ಟರು ಎಂದು ಯಾವ ಪುಸ್ತಕವೂ ಹೇಳುವುದಿಲ್ಲ.

ಎರಡನೆಯದು ರಬ್ಬರು. ಇಲ್ಲಿ ಮಲೆನಾಡಿಗೂ ಬಯಲುಸೀಮೆಗೂ ಇರುವ ವ್ಯತ್ಯಾಸವನ್ನು ಸದಸ್ಯರು ಗಮನಿಸಬೇಕು. ನಮ್ಮಲ್ಲಿ ಮಳೆ, ತೇವ, ಪಾಚಿ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಾಗಿಸಿದ ಜೀಪಿನ ತಳವನ್ನು ಮೈಲುತುತ್ತ ಬೇರೆ ತಿನ್ನುತ್ತದೆ. ಕಬ್ಬಿಣ ಕಣ್ಣೆದುರೇ ಕರಗುತ್ತದೆ. ಬಳ್ಳಾರಿಯಲ್ಲಿ ಮಳೆ ಕಡಿಮೆ, ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿ ಕಾರಿನ ಮೈ ನೋಡಿದರೆ ನಿನ್ನೆ ನಿಲ್ಲಿಸಿದಂತಿತ್ತು. ಷಡ್ಡಕರು ಧೈರ್ಯಗೊಂಡದ್ದೂ ಅದನ್ನು ನೋಡಿಯೇ. ಆದರೆ ಮುಟ್ಟಿದಲ್ಲೆಲ್ಲ ರಬ್ಬರು ಹಪ್ಪಳದಂತೆ ಮುರಿಯಿತು. ಬ್ರೇಕಿನ ಹೋಸು, ಕ್ಲಚ್ಚಿನ ವಾಷರು, ಗಾಜಿನ ಬೀಡಿಂಗು, ಸಸ್ಪೆನ್ಷನ್ನಿನ ಬುಷ್ಷು, ಒಂದೂ ಉಳಿದಿರಲಿಲ್ಲ. ರಬ್ಬರು ಮೋಟಾರಿನ ಅಡಗಿದ ಅಂಗ; ಹೊರಗಿನಿಂದ ಕಾಣುವುದಿಲ್ಲ, ಪಟ್ಟಿ ಮಾಡುವಾಗ ನೆನಪಾಗುವುದಿಲ್ಲ. ಬುಷ್ಷುಗಳನ್ನು ಅಚ್ಚು ಮಾಡಿಸಿಕೊಳ್ಳಬಹುದು. ಬ್ರೇಕಿನ ರಬ್ಬರನ್ನು ಮಾತ್ರ ಸ್ಥಳೀಯವಾಗಿ ಅಚ್ಚು ಹಾಕಿಸಬಾರದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಅದನ್ನು ಸರಿಯಾದ ಕಡೆಯಿಂದ ತರಿಸಬೇಕು, ಹೊಸ ಬ್ರೇಕು ಆಯಿಲನ್ನೇ ಹಾಕಬೇಕು. ಎಂಜಿನ್ ಆಯಿಲು ತಾಗಿದರೆ ಬ್ರೇಕಿನ ರಬ್ಬರು ಉಬ್ಬಿ ಕೈಕೊಡುತ್ತದೆ.

ಮೂರನೆಯದು ಹೆರಾಲ್ಡಿನ ಸಾಮಾನು ಸ್ಪಿಟ್‌ಫೈರಿಗೆ ಹೊಂದುತ್ತದೆಂಬ ಮಾತು. ಅದು ಅರ್ಧ ಸತ್ಯ. ಮುಂದಿನ ಚಕ್ರದ ಕಂಬ ಮೊದಲಾದ ಹಲವು ಭಾಗಗಳ ಮೂಲ ಒಂದೇ. ಆದರೆ ಸ್ಪಿಟ್‌ಫೈರಿನ ಮುಂದಿನ ಬ್ರೇಕು ಡಿಸ್ಕಿನದು, ನಮ್ಮ ಹೆರಾಲ್ಡಿನದು ಡ್ರಮ್ಮಿನದು. ಹಿಂದಿನ ಡಿಫರೆನ್ಷಿಯಲ್ಲು ಹೊರಗಿನಿಂದ ಒಂದೇ ತರಹ ಕಂಡರೂ ಒಳಗಿನ ಹಲ್ಲಿನ ಲೆಕ್ಕ ಬೇರೆ. ಚೆನ್ನೈನ ಪುದುಪೇಟೆಗೋ ಬೆಂಗಳೂರಿನ ಶಿವಾಜಿನಗರಕ್ಕೋ ಹಳೆಯ ಸಾಮಾನು ತರಲು ಹೋಗುವವರು ಹಳೆಯ ಭಾಗವನ್ನು ಚೀಲದಲ್ಲಿಟ್ಟುಕೊಂಡೇ ಹೋಗಬೇಕು. ಬಾಯಿಮಾತಿನ ಅಳತೆಗೆ ಬಂದ ಸಾಮಾನು ವಾಪಸು ಹೋಗುವುದಿಲ್ಲ.

ಇದೇ ಮುಂದಿನ ಕಂಬದ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಕಂಬದ ಬುಡದಲ್ಲಿ ಟ್ರನಿಯನ್ ಎಂಬ ಕಂಚಿನ ಕೊಪ್ಪವೊಂದಿದೆ. ಸ್ಟಿಯರಿಂಗು ತಿರುಗಿಸಿದಾಗಲೆಲ್ಲ ಉಕ್ಕಿನ ಕಂಬ ಈ ಕಂಚಿನ ಸುತ್ತಿನೊಳಗೆ ತಿರುಗುತ್ತದೆ. ಇದಕ್ಕೆ ಹಾಕಬೇಕಾದದ್ದು 90 ನಂಬರಿನ ಗೇರ್ ಆಯಿಲು. ಉಳಿದೆಲ್ಲ ಕಡೆಯಂತೆ ಇಲ್ಲಿಗೂ ಗ್ರೀಸು ಒತ್ತುವ ರೂಢಿ ಗ್ಯಾರೇಜುಗಳಲ್ಲಿ ಬಂದುಬಿಟ್ಟಿದೆ. ಗ್ರೀಸು ಗಟ್ಟಿಯಾಗಿ ಸುತ್ತಿನ ಆಳಕ್ಕೆ ಇಳಿಯುವುದಿಲ್ಲ, ನೀರು ಮಾತ್ರ ಇಳಿಯುತ್ತದೆ. ಉಕ್ಕು ಒಳಗೊಳಗೇ ತುಕ್ಕು ಹಿಡಿದು ಒಂದು ದಿನ ತಿರುವಿನಲ್ಲಿ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ನಮ್ಮ ಘಾಟಿಯ ತಿರುವುಗಳನ್ನು ನೆನೆದರೆ ಇದರ ಅರ್ಥ ಬೇರೆ ಹೇಳಬೇಕಾಗಿಲ್ಲ. ಹೆರಾಲ್ಡ್ ಇರುವವರು ಈ ಸಂಚಿಕೆಯನ್ನು ಕೆಳಗಿಟ್ಟ ಕೂಡಲೆ ಹೋಗಿ ನೋಡಲಿ.

ಷಡ್ಡಕರ ಕಾರಿನ ಎರಡು ಟ್ರನಿಯನ್‌ಗಳೂ ಸವೆದಿದ್ದವು. ಅವನ್ನು ಸಿರುಗುಪ್ಪದ ಲೇತಿಗೆ ಒಯ್ದೆವು. ಸಿರುಗುಪ್ಪವೆಂದರೆ ತುಂಗಭದ್ರಾ ಕಾಲುವೆ, ಭತ್ತ, ಅಕ್ಕಿ ಗಿರಣಿ. ಗಿರಣಿಯ ಶಾಫ್ಟು, ಕಂಚಿನ ಬುಷ್ಷುಗಳನ್ನು ತಿರುವಿ ತಿರುವಿ ಪಳಗಿದ ಹಿರಿಯ ಕೆಲಸಗಾರರೊಬ್ಬರು ಎರಡನ್ನೂ ಅಂಗೈಯಲ್ಲಿಟ್ಟು ನೋಡಿ, "ಸಾವ್ಕಾರ್ರೆ, ಇವು ಎರಡೂ ಒಂದೇ ಅಲ್ರಿ. ಇದು ಬಲಸುತ್ತು, ಇದು ಎಡಸುತ್ತು ಐತ್ರಿ" ಎಂದರು. ಕಾರಿನ ಎಡಗಡೆಯದಕ್ಕೆ ಎಡಸುತ್ತು, ಬಲಗಡೆಯದಕ್ಕೆ ಬಲಸುತ್ತು. ಆ ಕಾರನ್ನು ಅವರು ಎಂದೂ ನೋಡಿದವರಲ್ಲ. ಬೆರಳಿಗೆ ತಿಳಿದದ್ದು ಅದು. ಹಳೆಯ ಉಕ್ಕಿನ ಕಂಬಕ್ಕೆ ಕೂರಿಸಿ ಕೂರಿಸಿ ನೋಡಿ ಎರಡು ಟ್ರನಿಯನ್ ಮಾಡಿಕೊಟ್ಟರು.

ನಾಲ್ಕನೆಯ ತೊಂದರೆ ಬಾಗಿಲು. ಹೆರಾಲ್ಡಿನ ಚಾಸಿಗೆ ಪಕ್ಕದಲ್ಲಿ ಎರಡು ಉದ್ದ ಕಂಬಿಗಳಿವೆ. ಸ್ಪಿಟ್‌ಫೈರ್ ಮಾಡುವಾಗ ಅವನ್ನು ತೆಗೆದುಬಿಟ್ಟರು. ಬಾಗಿಲಿನ ಕೆಳಗೆ ಪೆಟ್ಟಿಗೆಯಂತೆ ಹಾಯ್ದಿರುವ ತಗಡೇ ಆ ಭಾರವನ್ನು ಹೊರುತ್ತದೆ. ನೋಡಲು ಅಲಂಕಾರದ ಪಟ್ಟಿಯಂತಿದ್ದರೂ ಅದು ತೊಲೆ. ಬಳ್ಳಾರಿಯ ಒಣಹವೆಯಲ್ಲೂ ಆ ಪೆಟ್ಟಿಗೆಯೊಳಗೆ ಕಪ್ಪುಮಣ್ಣಿನ ಧೂಳು ತುಂಬಿ, ನೀರು ಹೋಗುವ ತೂತು ಕಟ್ಟಿಕೊಂಡು, ಒಳಗಿನಿಂದ ತುಕ್ಕು ತಿಂದಿತ್ತು. ಮುಚ್ಚಿಗೆ ಬಟ್ಟೆಯದಾದ್ದರಿಂದ ಮೇಲಿನಿಂದ ಹಿಡಿಯುವ ಆಧಾರವೂ ಇಲ್ಲ. ಆ ತಗಡನ್ನು ಹಾಗೆಯೇ ಕತ್ತರಿಸಿದರೆ ಕಾರು ನಡುವಿನಲ್ಲಿ ಬಾಗುತ್ತದೆ. ಬಾಗಿದ ಸ್ಥಿತಿಯಲ್ಲೇ ಹೊಸ ತಗಡು ಬೆಸೆದರೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಕಂಬಿ ಬೆಸೆದು ಬಿಗಿ ಮಾಡಿ, ಒಂದೊಂದೇ ಪಕ್ಕ ಕತ್ತರಿಸಿ, ಬಾಗಿಲು ಹಾಕಿ ತೆಗೆದು ನೋಡುತ್ತಾ ಬೆಸೆಯಬೇಕು. ಒಂದು ಬೇಸಿಗೆ ಪೂರ್ತಿ ಇದಕ್ಕೇ ಹೋಯಿತು.

ಐದನೆಯದು ಹಿಂದಿನ ಕಮಾನು ಪಟ್ಟಿ. ಈ ಕಾರಿಗೆ ಹಿಂದೆ ಒಂದೇ ಪಟ್ಟಿ. ಅಡ್ಡಡ್ಡಲಾಗಿ ಎರಡು ಚಕ್ರಗಳಿಗೂ ಹಾಯ್ದಿದೆ. ಅದು ಸೋತು ಕುಸಿದಿತ್ತು. ಬಳ್ಳಾರಿಯಲ್ಲಿ ಕಮಾನು ಪಟ್ಟಿ ಮಾಡುವವರಿಗೆ ಅದಿರಿನ ಲಾರಿಗಳಿಂದಾಗಿ ಒಂದು ಕಾಲಕ್ಕೆ ಪುರಸೊತ್ತೇ ಇರಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ನಿಂತವು, ಅವನ್ನೇ ನಂಬಿದ್ದ ಕೈಗಳೂ ನಿಂತವು. ಗಣಿಗಾರಿಕೆ ಆಮೇಲೆ ನಿಯಮಕ್ಕೊಳಪಟ್ಟು ಮತ್ತೆ ಶುರುವಾದರೂ ಬೇರೆ ಕೆಲಸಕ್ಕೆ ಹೋದವರೆಲ್ಲ ಹಿಂದಿರುಗಲಿಲ್ಲ. ಉಳಿದವರಲ್ಲಿ ಒಬ್ಬರು ಪಟ್ಟಿಯನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಲೋಡು ಹಾಕ್ತೀರ್ರಿ ಇದಕ್ಕ?" ಇಬ್ಬರು ಮನುಷ್ಯರು ಎಂದು ಷಡ್ಡಕರು ಹೇಳಿದಾಗ ಅವರಿಗೆ ನಗು ತಡೆಯಲಿಲ್ಲ. ಆದರೆ ಆ ಪ್ರಶ್ನೆಯಲ್ಲೇ ಜಾಣತನವಿತ್ತು. ಲಾರಿಯ ಪಟ್ಟಿಯನ್ನು ಎತ್ತರಿಸಿ ಬಾಗಿಸುವುದು ರೂಢಿ. ಈ ಕಾರಿಗೆ ಹಾಗೆ ಮಾಡಿದರೆ ಹಿಂದಿನ ಚಕ್ರಗಳ ಬುಡ ಒಳಕ್ಕೆ ಸರಿದು, ವೇಗದ ತಿರುವಿನಲ್ಲಿ ಚಕ್ರ ಕಾರಿನಡಿಗೆ ಮಡಚಿಕೊಳ್ಳುವ ಅಪಾಯವಿದೆ. ಹಳೆಯ ಅಳತೆಗೆ ಎಷ್ಟು ಬೇಕೋ ಅಷ್ಟೇ ಬಾಗಿಸಿ ಕೊಟ್ಟರು. ಕೇಳಿ ಮಾಡುವ ಕೆಲಸಗಾರ ಸಿಗುವುದು ಪುಣ್ಯ.

ಆರನೆಯದು ವಿದ್ಯುತ್ತು. ಇಂದಿನ ವಾಹನಗಳಲ್ಲಿ ಬ್ಯಾಟರಿಯ ನೆಗೆಟಿವ್ ತಂತಿ ಬಾಡಿಗೆ ಸೇರಿರುತ್ತದೆ. ಮೊದಲ ಸ್ಪಿಟ್‌ಫೈರುಗಳಲ್ಲಿ ಪಾಸಿಟಿವ್ ತಂತಿ ಸೇರಿದೆ. 1967ರ ಮಾದರಿಯಿಂದ ಇದು ಬದಲಾಯಿತು. ಹಳೆಯದಕ್ಕೆ ಇಂದಿನ ರೂಢಿಯಂತೆ ಬ್ಯಾಟರಿ ಕೂರಿಸಿದರೆ, ಅಥವಾ ಮೊಬೈಲು ಚಾರ್ಜರು, ಎಲ್‌ಇಡಿ ದೀಪ ಸಿಕ್ಕಿಸಿದರೆ ಏನಾದರೊಂದು ಸುಡುತ್ತದೆ. ತಂತಿಯ ಮೇಲಿನ ಹೊದಿಕೆ ಒಣಗಿ ಉದುರಿರುವುದರಿಂದ ಬೆಂಕಿಯ ಭಯವೂ ಉಂಟು. ಬ್ಯಾಟರಿಯ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಅಂಟಿಸುವುದು ಒಳ್ಳೆಯದು. ಮುಂದೆ ಕೈಹಾಕುವವನು ಯಾರೋ ಏನೋ.

ಏಳನೆಯದು ಪೆಟ್ರೋಲು. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡ 20 ಎಥನಾಲು ಸೇರಿಸುವ ಗುರಿ ಈಡೇರಿತು. ಕಬ್ಬಿನ ಬೆಳೆಗಾರರಿಗೆ ಇದರಿಂದ ಆಗುವ ಲಾಭವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅರವತ್ತರ ದಶಕದ ರಬ್ಬರು ಹೋಸು, ಕಾರ್ಕಿನ ಪ್ಯಾಕಿಂಗು, ಪಂಪಿನ ಪೊರೆಗಳು ಎಥನಾಲಿಗೆಂದು ಮಾಡಿದವಲ್ಲ. ಎಥನಾಲು ಅವನ್ನು ಮೆದುಗೊಳಿಸುತ್ತದೆ, ಟ್ಯಾಂಕಿನ ಹಳೆಯ ಜಿಗುಟನ್ನು ಕರಗಿಸಿ ಕಾರ್ಬ್ಯುರೇಟರಿಗೆ ತರುತ್ತದೆ, ಗಾಳಿಯ ತೇವ ಹೀರುತ್ತದೆ. ಈ ಪೆಟ್ರೋಲಿಗೆ ತಾಳುವ ಹೊಸ ಹೋಸು ಹಾಕಿಸಬೇಕು. ಎಸ್‌ಯು ಕಾರ್ಬ್ಯುರೇಟರಿನ ಅಡಿಯಲ್ಲಿರುವ ಜೆಟ್ಟಿನ ನಟ್ಟನ್ನು ಸ್ವಲ್ಪ ಇಳಿಸಿ ಪೆಟ್ರೋಲಿನ ಪಾಲು ಹೆಚ್ಚಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲು ಬಿಡಬಾರದು. ಮಳೆಗಾಲದಲ್ಲಿ ನಿಲ್ಲುವ ನಮ್ಮ ಔಷಧಿ ಹೊಡೆಯುವ ಪೆಟ್ರೋಲು ಯಂತ್ರಗಳಿಗೂ ಈ ಮಾತು ಅನ್ವಯ.

ಎಂಟನೆಯದು ಕಾಗದಪತ್ರ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಖಾಸಗಿ ಕಾರುಗಳನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರದ ನವೀಕರಣಕ್ಕೆ 5,000 ರೂಪಾಯಿ ಎಂದು ನಿಯಮ ಹೇಳಿತು. ಅಂಥ ಕಾರನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ, ಪೆಟ್ರೋಲು ತುಂಬಿಸುವುದು ಮುಂತಾದವಕ್ಕೆ ರಸ್ತೆಗಿಳಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ಇಲ್ಲಿ ಮುಖ್ಯವಾದದ್ದು ಮೂಲ ರೂಪ ಎಂಬ ಮಾತು. ಹಳೆಯ ಎಂಜಿನ್ನು ತೆಗೆದು ಮಾರುತಿಯ ಎಂಜಿನ್ನನ್ನೋ ಡೀಸೆಲ್ ಎಂಜಿನ್ನನ್ನೋ ಕೂರಿಸುವುದು ಸುಲಭವೆಂದು ಸಲಹೆ ಕೊಡುವವರು ಬಹಳ ಮಂದಿ. ಚಾಸಿ, ಬಾಡಿ, ಎಂಜಿನ್ನುಗಳನ್ನು ಹಾಗೆ ಮಾರ್ಪಡಿಸಿದರೆ ಈ ನೋಂದಣಿಯ ಹಕ್ಕೇ ತಪ್ಪುತ್ತದೆ. ಸ್ಪ್ಯಾನರು ಹಿಡಿಯುವ ಮೊದಲು ಹಳೆಯ ಪುಸ್ತಕ ಹುಡುಕಿ, ಚಾಸಿಯ ಮೇಲಿನ ನಂಬರಿನೊಂದಿಗೆ ತಾಳೆ ನೋಡಬೇಕು. ತಂದೆ, ಅಜ್ಜಂದಿರ ಹೆಸರಿನಲ್ಲೇ ಇರುವ ಕಾರಿಗೆ ವಾರಸುದಾರಿಕೆಯ ಕೆಲಸವೂ ಇದೆ.

ಇನ್ನು ಮನೆಯಲ್ಲಿ ಎಂಬ ಮಾತು. ಮನೆಯೆಂದರೆ ಮಕ್ಕಳು, ಒಲೆ, ಇಕ್ಕಟ್ಟು. ಜಾಕಿನ ಮೇಲೆ ಮಾತ್ರ ನಿಂತ ಕಾರಿನಡಿಗೆ ಯಾರೂ ಹೋಗಬಾರದು. ಇಟ್ಟಿಗೆ ಪೇರಿಸುವುದು ಇನ್ನೂ ಕೆಟ್ಟದ್ದು. ಇಟ್ಟಿಗೆ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಕಬ್ಬಿಣದ ಸ್ಟ್ಯಾಂಡು ಇಲ್ಲದಿದ್ದರೆ ಗಟ್ಟಿಮರದ ದಪ್ಪ ತುಂಡುಗಳನ್ನು ಬಳಸಬೇಕು. ಹಳೆಯ ಬ್ರೇಕಿನ ಲೈನರಿನಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ಆ ಧೂಳನ್ನು ಬಾಯಿಯಿಂದಲೂ ಗಾಳಿಯಿಂದಲೂ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದು, ಬಿಚ್ಚಿದ ಭಾಗಕ್ಕೆ ಚೀಟಿ ಕಟ್ಟಿ, ಅದರದರ ಬೋಲ್ಟನ್ನು ಅದರದರ ಡಬ್ಬಿಯಲ್ಲಿಡಬೇಕು. ಮೂರು ಬೇಸಿಗೆಯ ಮೇಲೆ ಯಾವ ಬೋಲ್ಟು ಎಲ್ಲಿಯದೆಂದು ದೇವರಿಗೂ ನೆನಪಿರುವುದಿಲ್ಲ.

ಎಲ್ಲ ಮುಗಿಯಿತೆನ್ನುವಾಗ ಉಳಿದದ್ದು ಮುಚ್ಚಿಗೆ. ಹಳೆಯ ಬಟ್ಟೆ ಚಿಂದಿಯಾಗಿತ್ತು. ದಪ್ಪ ಕ್ಯಾನ್ವಾಸನ್ನು ನಾಲ್ಕು ಪದರ ಮಡಚಿ ಹೊಲಿಯಲು ಸಾಮಾನ್ಯ ದರ್ಜಿಯ ಯಂತ್ರಕ್ಕೆ ಆಗುವುದಿಲ್ಲ. ಆದರೆ ಬಳ್ಳಾರಿ ಜೀನ್ಸ್ ಹೊಲಿಯುವ ಊರು. ಅಲ್ಲಿಯ ಘಟಕವೊಂದರ ಹೊಲಿಗೆಯವರು ಹಳೆಯ ಚಿಂದಿಗಳನ್ನು ಬಿಡಿಸಿ ಹಾಸಿ, ಕಾಗದದ ಮೇಲೆ ಅಚ್ಚು ತೆಗೆದು, ಪ್ಯಾಂಟಿನ ಕಾಲು ಹೊಲಿದಷ್ಟೇ ಸಲೀಸಾಗಿ ಮುಚ್ಚಿಗೆ ಹೊಲಿದರು. ಅವರ ಒಂದೇ ಸಂದೇಹ, ಬಿಸಿಲಿಗೆ ಬಟ್ಟೆ ಎಷ್ಟು ಎಳೆದುಕೊಳ್ಳುತ್ತದೆಂಬುದು. ಅದಕ್ಕೆಂದು ಕ್ಯಾನ್ವಾಸನ್ನು ಮೊದಲು ನೆನೆಸಿ ಒಣಗಿಸಿ, ಆಮೇಲೆ ಕತ್ತರಿ ಹಾಕಿದರು.

ಇಷ್ಟನ್ನೂ ಓದಿದ ಸದಸ್ಯರೊಬ್ಬರು, ಇದು ಉಳ್ಳವರ ಶೋಕಿ, ಬೆಳೆಗಾರರ ಪತ್ರಿಕೆಗೆ ಇದೇಕೆ ಎನ್ನಬಹುದು. ನ್ಯಾಯವಾದ ಪ್ರಶ್ನೆ. ಕಾರು ಶೋಕಿಯೇ, ಅದು ಓಡಿದರೂ ನಿಂತರೂ ಯಾರ ಅನ್ನವೂ ತಪ್ಪುವುದಿಲ್ಲ. ಆದರೆ ಕೊಯ್ಲಿನ ದಿನ ಸಂಜೆ ಪಲ್ಪರಿನ ಬುಷ್ಷು ಹೋದರೆ ಏನಾಗುತ್ತದೆಂದು ನಾವೆಲ್ಲ ಬಲ್ಲೆವು. ಅಂದು ಕೊಯ್ದ ಹಣ್ಣನ್ನು ಅಂದೇ ಪಲ್ಪು ಮಾಡಬೇಕು. ರಾಶಿಯಲ್ಲಿ ಬಿಟ್ಟರೆ ಬಿಸಿಯೇರಿ ಹುಳಿಯುತ್ತದೆ, ಕಾಫಿಯ ಗುಣ ಕೆಡುತ್ತದೆ. ಕಂಪನಿಯ ಬುಷ್ಷು ಕೊರಿಯರಿನಲ್ಲಿ ಬರುವ ತನಕ ಹಣ್ಣು ಕಾಯುವುದಿಲ್ಲ. ಆ ಹೊತ್ತಿಗೆ ಬಾಗಿಲು ತೆರೆಯುವವನು ಹತ್ತಿರದ ಊರಿನ ಲೇತಿನವನು. ಸಿರುಗುಪ್ಪದಲ್ಲಿ ಎಡಸುತ್ತನ್ನು ಬೆರಳಿನಿಂದ ಗುರುತಿಸಿದ ಕೈಗೂ ನಮ್ಮ ಪೇಟೆಯಲ್ಲಿ ಪಲ್ಪರಿನ ಬುಷ್ಷು ತಿರುವಿಕೊಡುವ ಕೈಗೂ ವಿದ್ಯೆ ಒಂದೇ. ಹಳೆಯ ಕಾರು ಆ ವಿದ್ಯೆಯ ಬೆಲೆಯನ್ನು ಎದ್ದು ಕಾಣುವಂತೆ ತೋರಿಸಿತು, ಅಷ್ಟೆ.

ದುಡ್ಡಿದ್ದವರು ಬೆಂಗಳೂರಿನ ಅಥವಾ ಕೊಯಮತ್ತೂರಿನ ದೊಡ್ಡ ಕಾರ್ಖಾನೆಗೆ ಕಳಿಸಬಹುದಲ್ಲ ಎಂದು ಇನ್ನೊಬ್ಬರು ಹೇಳಬಹುದು. ಕಳಿಸಲಿ. ಆದರೆ ಎಲ್ಲ ಕೆಲಸವೂ ಅಲ್ಲಿಗೇ ಹೋದರೆ ಇಲ್ಲಿಯ ಲೇತು ಯಾವುದರಿಂದ ಬದುಕಬೇಕು? ಕೊಯ್ಲಿನ ಎರಡು ತಿಂಗಳ ಕೆಲಸಕ್ಕೆಂದು ಯಾರೂ ವರ್ಷವಿಡೀ ಅಂಗಡಿ ತೆರೆದಿಡುವುದಿಲ್ಲ. ಸಿರುಗುಪ್ಪದ ಆ ಹಿರಿಯರ ಮಕ್ಕಳು ಲೇತಿಗೆ ಬರುತ್ತಿಲ್ಲ. ಬರಲಿ ಎಂದು ಅವರೂ ಒತ್ತಾಯಿಸುತ್ತಿಲ್ಲ. ಕಾರಣ ಕೇಳಿದರೆ, "ಕೆಲಸ ಆಗೋತನ ಮೇಸ್ತ್ರಿ ಅಂತಾರ, ಆದಮ್ಯಾಲೆ ರೊಕ್ಕಕ್ಕ ಚೌಕಾಸಿ ಮಾಡ್ತಾರ್ರಿ" ಎಂದರು. ಈ ಮಾತು ನಮ್ಮ ಮಲೆನಾಡಿನ ಪೇಟೆಗಳಿಗೂ ಹೊಂದುತ್ತದೆ. ಕಂಪನಿಯ ಬಿಲ್ಲಿಗೆ ಚಕಾರವೆತ್ತದೆ ಹಣ ಕೊಡುವ ನಾವು, ಅರ್ಧ ದಿನ ಯೋಚಿಸಿ ಒಂದು ಬುಷ್ಷು ಮಾಡಿಕೊಟ್ಟವನಿಗೆ ಹಿತ್ತಾಳೆಯ ತೂಕ ಹಾಕಿ ದುಡ್ಡು ಎಣಿಸುತ್ತೇವೆ. ಅವನ ಬುದ್ಧಿಗೆ ತಕ್ಕಡಿಯಲ್ಲಿ ತೂಕವಿಲ್ಲ.

ಆದ್ದರಿಂದ ನಮ್ಮ ಸಲಹೆಗಳು ಇವು. ಒಂದು, ಸಂಘದ ಕಚೇರಿಯಲ್ಲಿ ಒಂದು ಪುಸ್ತಕ ಇಡೋಣ. ಲೇತು, ಕಮಾನು ಪಟ್ಟಿ, ಬೆಸುಗೆ, ರೇಡಿಯೇಟರು, ರಬ್ಬರು ಅಚ್ಚು, ದಪ್ಪ ಹೊಲಿಗೆ, ಈ ಆರು ಕೆಲಸಗಳನ್ನು ಬಲ್ಲವರು ಎಲ್ಲೆಲ್ಲಿದ್ದಾರೆಂದು ಅವರ ಒಪ್ಪಿಗೆ ಪಡೆದು ಅದರಲ್ಲಿ ಬರೆಯೋಣ. ಎರಡು, ಔಷಧಿ ಹೊಡೆಯುವ ಯಂತ್ರವನ್ನು ಸದಸ್ಯರಿಗೆ ಬಾಡಿಗೆಗೆ ಕೊಡುವಂತೆಯೇ ಇಂಚಿನ ಸ್ಪ್ಯಾನರು, ಟ್ಯಾಪು, ಡೈಗಳ ಒಂದು ಪೂರ್ಣ ಸೆಟ್ಟನ್ನೂ ನಾಲ್ಕು ಒಳ್ಳೆಯ ಸ್ಟ್ಯಾಂಡುಗಳನ್ನೂ ಸಂಘ ಕೊಂಡಿಡಲಿ. ಮೂರು, ಸಂಘದ ಯಂತ್ರಗಳ ದುರಸ್ತಿಗೆ ತಾಸಿನ ಲೆಕ್ಕದಲ್ಲಿ ಮಜೂರಿ ಗೊತ್ತುಮಾಡಿ, ಕೆಲಸ ಮುಗಿದ ದಿನವೇ ಕೊಡುವ ಪದ್ಧತಿ ಹಾಕೋಣ. ಸದಸ್ಯರೂ ಅದನ್ನೇ ಅನುಸರಿಸಲಿ. ನಾಲ್ಕು, ಐಟಿಐ ಮುಗಿಸಿದ ಇಬ್ಬರು ಹುಡುಗರನ್ನು ವರ್ಷಕ್ಕೊಮ್ಮೆ ಆರಿಸಿ, ಒಬ್ಬ ಹಿರಿಯ ಲೇತಿನವರ ಕೈಕೆಳಗೆ ಕಲಿಯಲು ಬಿಟ್ಟು, ಹುಡುಗರ ಭತ್ಯವನ್ನೂ ಗುರುವಿನ ಗೌರವಧನವನ್ನೂ ಸಂಘದ ಶಿಕ್ಷಣ ನಿಧಿಯಿಂದ ಕೊಡುವ ಬಗ್ಗೆ ಆಡಳಿತ ಮಂಡಳಿ ಯೋಚಿಸಲಿ. ಪುಸ್ತಕದಲ್ಲಿಲ್ಲದ ವಿದ್ಯೆ ಕೈಯಿಂದ ಕೈಗೇ ಹೋಗಬೇಕು. ಆ ಕೈ ದಣಿದು ಮಲಗಿದ ಮೇಲೆ ಕೇಳಿದರೆ ಉತ್ತರ ಬರುವುದಿಲ್ಲ.

ಕಾರು ಸರಿ ಮಾಡಲು ಹೊರಟ ಸದಸ್ಯರಿಗೆ ನಮ್ಮ ಶುಭಾಶಯಗಳು. ಬಿಚ್ಚಿ ನೋಡಿ, ಆದರೆ ಬರೆದಿಟ್ಟುಕೊಂಡು ಬಿಚ್ಚಿ. ನಾಲ್ಕು ಸಲಹೆಗಳನ್ನು ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಗೆ ಸೇರಿಸುತ್ತಿದ್ದೇವೆ. ತಮ್ಮ ಊರಿನ ಒಳ್ಳೆಯ ಕೆಲಸಗಾರರ ಹೆಸರನ್ನು, ಅವರನ್ನು ಕೇಳಿಯೇ, ಒಂದು ಚೀಟಿಯಲ್ಲಿ ಬರೆದು ಕಚೇರಿಗೆ ತಲುಪಿಸಬೇಕಾಗಿ ಎಲ್ಲ ಸದಸ್ಯ ಬಾಂಧವರಲ್ಲಿ ವಿನಂತಿ.

— ಕಾರ್ಯದರ್ಶಿ